ಹಳೆ ಮನೆಯ ಚರಿತ್ರೆ ಹುಡುಕಬೇಕೇ? ಚಕ್ಕುಬಂದಿ ಹಿಡಿದು ಹೊರಡಿ

ಚಿಕ್ಕಬಳ್ಳಾಪುರದ ಬಜಾರ್ ರಸ್ತೆಯಲ್ಲಿ ಒಮ್ಮೆ ನಿಧಾನವಾಗಿ ನಡೆದು ನೋಡಿ. ಕೆಳಗೆ ಮೊಬೈಲ್ ಅಂಗಡಿಯ ಬೋರ್ಡು. ತಲೆ ಎತ್ತಿದರೆ ಹಳೆ ಮಹಡಿ, ಮರದ ಕಟಕಟೆ, ಬಣ್ಣ ಬಿಟ್ಟ ಗಾರೆ ಗೋಡೆ. ಎಷ್ಟು ಹಳೆಯದು ಎಂದು ಕೇಳಿದರೆ 'ನೂರೈವತ್ತು ವರ್ಷ ಆಗಿರಬೇಕು' ಅನ್ನುತ್ತಾರೆ. ಯಾರನ್ನು ಕೇಳಿದರೂ ಅದೇ ನೂರೈವತ್ತು. ನಮ್ಮ ಅಜ್ಜಿಯೂ ನಮ್ಮ ಮನೆ ಬಗ್ಗೆ ಹಾಗೇ ಹೇಳುತ್ತಿದ್ದರು. ಅದನ್ನು ಕಟ್ಟಿಸಿದವರು ಯಾರು, ನಡುವೆ ಯಾರ ಕೈಯಲ್ಲಿತ್ತು ಎಂದು ತಿಳಿಯಲು ಹೊರಟಾಗ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇದಕ್ಕೆ ದೊಡ್ಡ ಓದು ಬೇಕಿಲ್ಲ. ಒಂದು ನೋಟ್‌ಬುಕ್, ವಾರಕ್ಕೆ ಅರ್ಧ ದಿನ, ಕಚೇರಿಗಳಲ್ಲಿ ಕಾಯುವ ತಾಳ್ಮೆ ಇದ್ದರೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆ ನಂಬರ್ ಹಿಡಿದು ಹುಡುಕಿದರೆ ಬೇಗ ದಾರಿ ತಪ್ಪುತ್ತದೆ. ನಂಬರ್ ಹಲವು ಸಲ ಬದಲಾಗಿರುತ್ತದೆ. ಬೀದಿಯ ಹೆಸರೂ ಬದಲಾಗಿರುತ್ತದೆ. ಆದರೆ ಪತ್ರದಲ್ಲಿರುವ ಚಕ್ಕುಬಂದಿ, ಅಂದರೆ ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು ಎನ್ನುವ ನಾಲ್ಕು ಸಾಲು, ಅಷ್ಟು ಬೇಗ ಕೈಕೊಡುವುದಿಲ್ಲ. ನಿಮ್ಮ ಮನೆಯ ಕಥೆ ಅರ್ಧದಷ್ಟು ಪಕ್ಕದ ಮನೆಯವರ ಕಾಗದದಲ್ಲಿರುತ್ತದೆ.

ಮೊದಲು ಹಿರಿಯರ ಹತ್ತಿರ ಕೂತುಕೊಳ್ಳಿ

ಕಚೇರಿಯ ಕಡತವನ್ನು ಮುಂದಿನ ವರ್ಷವೂ ನೋಡಬಹುದು. ತೊಂಬತ್ತು ದಾಟಿದವರ ನೆನಪನ್ನು ಈಗಲೇ ಕೇಳಬೇಕು. ಅದಕ್ಕೇ ಇದು ಮೊದಲ ಹೆಜ್ಜೆ.

'ಯಾವ ವರ್ಷ ಕಟ್ಟಿದ್ದು?' ಎಂದು ಕೇಳಬೇಡಿ. ಯಾವುದಕ್ಕೆ ಮುಂಚೆ, ಯಾವುದರ ಆಮೇಲೆ ಎಂದು ಕೇಳಿ. ನಮ್ಮ ಸೀಮೆಯಲ್ಲಿ ಕಾಲ ಅಳೆಯುವ ಗುರುತುಗಳು ಬೇಕಾದಷ್ಟಿವೆ. ಮನೆಯಲ್ಲಿ 'ದಾತು ಈಶ್ವರದ ಬರ'ದ ಮಾತು ಉಳಿದಿದ್ದರೆ ಅದು 1876ರಿಂದ 1878ರವರೆಗಿನ ಮಹಾಕ್ಷಾಮ. ಧಾತು, ಈಶ್ವರ ಎಂಬುವು ಆ ಸಂವತ್ಸರಗಳ ಹೆಸರು. 'ಪ್ಲೇಗು ಬಂದು ಊರು ಬಿಟ್ಟಾಗ' ಎಂದರೆ 1898 ಮತ್ತು ಅದರ ನಂತರದ ವರ್ಷಗಳು. ಸಣ್ಣ ರೈಲು, ಅಂದರೆ ನ್ಯಾರೋಗೇಜ್ ಬಂದದ್ದು 1910ರ ದಶಕದಲ್ಲಿ. ಗಾಂಧೀಜಿ ನಂದಿಬೆಟ್ಟಕ್ಕೆ ಬಂದಾಗ ಎಂದರೆ ಸ್ವಲ್ಪ ಹುಷಾರು. ಅವರು 1927ರಲ್ಲೂ ಬಂದಿದ್ದರು, 1936ರಲ್ಲೂ ಬಂದಿದ್ದರು. ಯಾವ ಸಲ ಎಂದು ಮತ್ತೆ ಕೇಳಿ. ವಿದುರಾಶ್ವತ್ಥದ ಗೋಲಿಬಾರ್ ಆದದ್ದು 1938ರ ಏಪ್ರಿಲ್ 25. ಗೌರಿಬಿದನೂರು ಕಡೆಯ ಕುಟುಂಬಗಳಲ್ಲಿ ಈ ಗುರುತು ತುಂಬಾ ಗಟ್ಟಿ.

ಗಂಡಸರಿಗಿಂತ ಆ ಮನೆಗೆ ಸೊಸೆಯಾಗಿ ಬಂದವರನ್ನು ಜಾಸ್ತಿ ಕೇಳಿ. ಇದು ನನ್ನ ಅನುಭವದ ಮಾತು. ಗಂಡಸರು ಯಾರು ಯಾರಿಗೆ ಮಾರಿದರು ಎಂದು ಹೇಳುತ್ತಾರೆ. ಹೆಂಗಸರು ಮನೆಯನ್ನೇ ಹೇಳುತ್ತಾರೆ. 'ನೀವು ಮದುವೆಯಾಗಿ ಬಂದಾಗ ಒಲೆ ಎಲ್ಲಿತ್ತಮ್ಮ? ನೀರು ಎಲ್ಲಿಂದ ತರುತ್ತಿದ್ದಿರಿ? ಬಾಣಂತಿ ಕೋಣೆ ಯಾವುದು?' ಎಂದು ಕೇಳಿ ನೋಡಿ. ಒಡೆದುಹೋದ ಗೋಡೆಗಳು, ಮುಚ್ಚಿದ ಬಾಗಿಲುಗಳು ಒಂದೊಂದಾಗಿ ಮಾತಿನಲ್ಲಿ ಬರುತ್ತವೆ. ಮದುವೆ ಫೋಟೋಗಳನ್ನೂ ಕೇಳಿ. ಮದುಮಕ್ಕಳ ಹಿಂದಿರುವ ಗೋಡೆ, ಕಂಬ, ಕಿಟಕಿ ನಮಗೆ ಬೇಕಾದದ್ದು.

ಕಟ್ಟಡವನ್ನೇ ಓದಿ

ಒಂದು ಟಾರ್ಚು, ಒಂದು ಟೇಪು ಹಿಡಿದು ಅಟ್ಟ ಹತ್ತಿ. ಮೊದಲು ಹೆಂಚು ನೋಡಿ. ಮಂಗಳೂರು ಹೆಂಚನ್ನು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಾಡಲು ಶುರುಮಾಡಿದ್ದು 1860ರ ದಶಕದಲ್ಲಿ. ಹೆಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್ ಎಂದಿದ್ದರೆ ಆ ಹೆಂಚು ಬಹುಮಟ್ಟಿಗೆ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಹೆಂಚಿನ ಮೇಲಿನ ಹೆಸರೂ ಬದಲಾಯಿತು.

ತಾರಸಿ ಇದ್ದರೆ ಅದನ್ನು ಯಾವುದು ಹೊತ್ತಿದೆ ಎಂದು ನೋಡಿ. ಮರದ ತೊಲೆ ಮೇಲೆ ತೆಳು ಇಟ್ಟಿಗೆ ಕೂರಿಸಿ ಗಾರೆ ಹಾಕಿದ್ದರೆ ಅದು ಮದ್ರಾಸ್ ತಾರಸಿ. ಕೆಲವು ಅಂಗಡಿಗಳಲ್ಲಿ ತೊಲೆಯ ಜಾಗದಲ್ಲಿ ಹಳೆ ರೈಲು ಕಂಬಿಗಳಿರುತ್ತವೆ. ಕಂಬಿಯ ಪಕ್ಕದಲ್ಲಿ ಅದನ್ನು ತಯಾರಿಸಿದ ಕಂಪನಿ ಮತ್ತು ವರ್ಷ ಉಬ್ಬಕ್ಷರದಲ್ಲಿ ಇರುವುದುಂಟು. ಸುಣ್ಣ ಕೆರೆಯುವ ಮೊದಲು ಮನೆಯವರ ಒಪ್ಪಿಗೆ ಕೇಳಿ.

ಆದರೆ ಕಂಬಿಯ ವರ್ಷವೇ ಮನೆಯ ವರ್ಷ ಅಲ್ಲ. ರೈಲ್ವೆಯಲ್ಲಿ ಸವೆದು, ಹರಾಜಾಗಿ, ಆಮೇಲೆ ಅದು ಮನೆಗೆ ಬಂದಿರುತ್ತದೆ. ಬಾಗಿಲವಾಡವೂ, ಅಂದರೆ ಬಾಗಿಲ ಚೌಕಟ್ಟೂ ಹಾಗೇ. ನಮ್ಮಲ್ಲಿ ಹಳೆ ಮನೆ ಬಿಚ್ಚಿದರೆ ಒಳ್ಳೆ ಮರವನ್ನು ಯಾರೂ ಬಿಸಾಡುವುದಿಲ್ಲ, ಅಲ್ವಾ? ಹೀಗಾಗಿ ಒಂದು ಗೋಡೆಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದು ಎಂದು ನೋಡಿ ಉಪಯೋಗವಿಲ್ಲ. ಕಟ್ಟುವಾಗಲೇ ಸೇರಿದ ವಸ್ತುಗಳಲ್ಲಿ ಯಾವುದು ಹೊಸದೋ ಅದು ಗೋಡೆಯ ಕಾಲ ಹೇಳುತ್ತದೆ. ಚೌಕಟ್ಟಿನ ಮೇಲೆ ಕೆತ್ತಿದ ಇಸವಿಯನ್ನೂ ಇದೇ ಅನುಮಾನದಿಂದ ನೋಡಿ. ಅದು ಮಹಡಿ ಎಬ್ಬಿಸಿದ ವರ್ಷವೂ ಆಗಿರಬಹುದು.

ಟ್ರಂಕಿನಲ್ಲಿರುವ ಕಾಗದಗಳು

ಹಳೆ ಕ್ರಯಪತ್ರ, ಭೋಗ್ಯಪತ್ರ (ಮನೆ ಅಡವಿಟ್ಟು ಸಾಲ ಪಡೆದ ಪತ್ರ), ದಾನಪತ್ರ, ಪಾಲುಪಾರಿಕತ್ತು (ಪಾಲು ಹಂಚಿಕೊಂಡ ಪತ್ರ), ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಅಂಗಡಿಯ ಕಿರ್ದಿ ಅಂದರೆ ದಿನದ ಲೆಕ್ಕದ ಪುಸ್ತಕ ಎಲ್ಲವನ್ನೂ ಹೊರಗೆ ತೆಗೆಯಿರಿ. ತೀರಿದ ಸಾಲದ ಪತ್ರ ಎಂದು ಯಾವುದನ್ನೂ ಪಕ್ಕಕ್ಕಿಡಬೇಡಿ. ಕ್ರಯಪತ್ರಕ್ಕಿಂತ ಭೋಗ್ಯಪತ್ರದಲ್ಲಿ ಮನೆಯ ವಿವರ ಜಾಸ್ತಿ ಇರುವುದುಂಟು. ಸಾಲ ಕೊಡುವವನು ಎಷ್ಟು ಅಂಕಣ, ಎಷ್ಟು ಬಾಗಿಲು ಎಂದು ಎಣಿಸಿಯೇ ದುಡ್ಡು ಕೊಡುತ್ತಿದ್ದ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ.

ತಾರೀಖು ಓದುವಾಗ ಅವಸರ ಬೇಡ. ಹಳೆ ಪತ್ರಗಳಲ್ಲಿ 'ಶ್ರೀಮುಖ ಸಂವತ್ಸರದ ಆಷಾಢ ಶುದ್ಧ ಪಂಚಮಿ' ಎಂದು ಬರೆದಿರುತ್ತಾರೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶ್ರೀಮುಖ ಎಂದರೆ 1873-74 ಆಗಬಹುದು, 1933-34 ಆಗಬಹುದು, 1993-94 ಕೂಡ ಆಗಬಹುದು. ನಾನು ಮೊದಲು ಎಡವಿದ್ದು ಇಲ್ಲೇ. ಹಳೆಯದಿರಲಿ ಎನ್ನುವ ಆಸೆಗೆ 60 ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದೆ. ಪತ್ರದ ಹಿಂಭಾಗ ತಿರುಗಿಸಿ ನೋಡಿದ್ದರೆ ಸಾಕಿತ್ತು. ಛಾಪಾಕಾಗದ ಮಾರಿದವರ ಷರಾ (ಟಿಪ್ಪಣಿ), ನೋಂದಣಿ ಕಚೇರಿಯ ಷರಾ ಎರಡರಲ್ಲೂ ಇಂಗ್ಲಿಷ್ ತಾರೀಖು ಇರುತ್ತದೆ.

ಹಿಂಭಾಗದ ಆ ಷರಾದಲ್ಲೇ ಇನ್ನೊಂದು ನಿಧಿ ಇದೆ. ಎಷ್ಟನೇ ಪುಸ್ತಕ, ಎಷ್ಟನೇ ಸಂಪುಟ, ಯಾವ ಪುಟಗಳು, ದಸ್ತಾವೇಜಿನ ನಂಬರ್ ಎಷ್ಟು ಎಂದು ಬರೆದಿರುತ್ತದೆ. ಅದನ್ನು ತಪ್ಪಿಲ್ಲದೆ ಬರೆದುಕೊಳ್ಳಿ. ಪತ್ರವೇ ಹರಿದುಹೋಗಿದ್ದರೂ ಆ ನಂಬರ್ ಇದ್ದರೆ ಕಚೇರಿಯಲ್ಲಿ ನಕಲು ಪಡೆಯಲು ದಾರಿಯಿದೆ.

ತಾರೀಖು ಅಳಿಸಿಹೋಗಿದ್ದರೆ ದುಡ್ಡಿನ ಲೆಕ್ಕ ನೋಡಿ. ಆಣೆ, ಪೈ ಕಂಡರೆ ಬಹುಪಾಲು 1957ರ ಏಪ್ರಿಲ್‌ಗಿಂತ ಹಿಂದಿನದು. ಮುದ್ರೆಯಲ್ಲಿ ಮೈಸೂರು ಸರ್ಕಾರ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಮುಂಚಿನದು. ನಮ್ಮ ಕಡೆ ಖಾಸಗಿ ಚೀಟಿ, ಲೆಕ್ಕದ ಪುಸ್ತಕಗಳು ತೆಲುಗಿನಲ್ಲೂ ಸಿಗುತ್ತವೆ. ಓದಬಲ್ಲ ಹಿರಿಯರನ್ನು ಜೊತೆಗೆ ಕೂರಿಸಿಕೊಳ್ಳಿ.

ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ

ಎಲ್ಲರೂ ಮೊದಲು ಕೇಳುವುದು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿ ಅದು. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಅರ್ಜಿ ಕೊಡಬೇಕು. ಅವರು ಕೈಬರಹದ ಸೂಚಿ ಪುಸ್ತಕ ತೆಗೆದು ವರ್ಷ ವರ್ಷವಾಗಿ ಹುಡುಕುತ್ತಾರೆ. ಶುಲ್ಕವೂ ವರ್ಷದ ಲೆಕ್ಕದಲ್ಲೇ ಬೀಳುತ್ತದೆ. ಆದ್ದರಿಂದ ಒಂದೇ ಸಲಕ್ಕೆ ನೂರು ವರ್ಷ ಕೇಳಬೇಡಿ. ಹಿರಿಯರ ಮಾತಿನಿಂದ, ಟ್ರಂಕಿನ ಕಾಗದದಿಂದ ಸುಮಾರು ಕಾಲ ಗೊತ್ತಾಗಿರುತ್ತದಲ್ಲ, ಆ ಹತ್ತು ಹದಿನೈದು ವರ್ಷ ಮೊದಲು ಕೇಳಿ.

'ಇದು ನಿಮ್ಮ ಆಸ್ತಿಯೇ?' ಎಂದು ಕೇಳಿ ವಾಪಸ್ ಕಳಿಸಿದರೆ ಬೇಜಾರಾಗಬೇಡಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಮನೆ, ಜಮೀನಿನ ಕ್ರಯ, ಭೋಗ್ಯ, ದಾನ ಎಲ್ಲ ಆ ಪುಸ್ತಕದಲ್ಲೇ ಇರುವುದು. ಉಯಿಲು 3ನೇ ಪುಸ್ತಕದಲ್ಲಿರುತ್ತದೆ. ಬರೆದವರು ತೀರಿಕೊಂಡ ಮೇಲೆ ಅದರ ನಕಲನ್ನೂ ಕೇಳಬಹುದು. ಇದನ್ನು ವಿನಯವಾಗಿ ಹೇಳಿ. ಅರ್ಜಿಯಲ್ಲಿ ಕಲಂ ನಂಬರ್ ಬರೆದರೆ ಕೆಲಸ ಸುಲಭ.

ಈಗ ಚಕ್ಕುಬಂದಿಯ ವಿಷಯಕ್ಕೆ ಬರೋಣ. ಎಷ್ಟೋ ಮನೆಗಳ ಇಸಿ ಒಂದು ವರ್ಷಕ್ಕೆ ಬಂದು ನಿಂತುಬಿಡುತ್ತದೆ. ಅದರ ಹಿಂದೆ ಏನೂ ಇಲ್ಲ. ಅದಕ್ಕೆ ಕಾರಣಗಳಿವೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲಾಗಿರುತ್ತಾರೆ. ಪಂಚಾಯ್ತಿ ಪಾಲುಪಾರಿಕತ್ತು ನೋಂದಣಿ ಆಗಿರುವುದಿಲ್ಲ. ನೂರು ರೂಪಾಯಿಗಿಂತ ಕಡಿಮೆ ಬೆಲೆಯ ಕ್ರಯಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ, ಮತ್ತು ಆ ಕಾಲದಲ್ಲಿ ಸಣ್ಣ ಮನೆ ಆ ಬೆಲೆಗೆ ಕೈಬದಲಾಗುವುದು ಸಾಮಾನ್ಯವಾಗಿತ್ತು. ಹೀಗೆ ನಿಂತಾಗ ಹೆಚ್ಚಿನವರು ಕೈಬಿಡುತ್ತಾರೆ. ನೀವು ಪಕ್ಕದ ಮನೆಗೆ ಹೊರಳಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಮನೆಯ ಮೊದಲ ಪತ್ರ 1933ರದು. ಅದರಲ್ಲಿ 'ಐದು ಅಂಕಣದ ಮಾಳಿಗೆ ಮನೆ' ಎಂದಿದೆ. ಇಲ್ಲಿ ಮಾಳಿಗೆ ಎಂದರೆ ಮಹಡಿಯಲ್ಲ, ಮಣ್ಣಿನ ಮಟ್ಟಸ ಚಾವಣಿ. ಉತ್ತರಕ್ಕೆ ಎಣ್ಣೆ ವ್ಯಾಪಾರಿಯೊಬ್ಬರ ಮನೆ ಎಂದಿದೆ. ಸೂಚಿ ಪುಸ್ತಕದಲ್ಲಿ ಆ ವ್ಯಾಪಾರಿಯ ಹೆಸರು ಹುಡುಕಿ. ಅವರು 1911ರಲ್ಲಿ ಭೋಗ್ಯಕ್ಕೆ ಬರೆದ ಪತ್ರದಲ್ಲಿ 'ದಕ್ಷಿಣಕ್ಕೆ ಇಂಥವರ ಖಾಲಿ ಜಾಗ' ಎಂದು ಸಿಗುತ್ತದೆ. ಆ ಖಾಲಿ ಜಾಗ ನಿಮ್ಮದೇ! 1924ರಲ್ಲಿ ಅದೇ ಮನೆ ಮಾರಿದಾಗ 'ದಕ್ಷಿಣಕ್ಕೆ ಇಂಥವರ ಮಾಳಿಗೆ ಮನೆ' ಎಂದಿದೆ. ಅಂದರೆ ನಿಮ್ಮ ಮನೆ 1911 ಮತ್ತು 1924ರ ನಡುವೆ ಎದ್ದಿತು. ಕಟ್ಟಿಸಿದವರ ಹೆಸರೂ ಹೆಚ್ಚುಕಡಿಮೆ ಸಿಕ್ಕಂತೆ. ಈಗ ತಲೆ ಮೇಲಿರುವುದು ಹೆಂಚಾದರೆ, ಮಣ್ಣಿನ ಮಾಳಿಗೆ ತೆಗೆದು ಹೆಂಚು ಹೊದಿಸಿದ್ದು 1933ರ ಆಮೇಲೆ. ನಿಮ್ಮ ಮನೆಯ ಒಂದು ಕಾಗದವೂ ಹೇಳದ ವಿಷಯವನ್ನು ಪಕ್ಕದವರ ಎರಡು ಕಾಗದ ಹೇಳಿದವು.

ನಾಲ್ಕೂ ದಿಕ್ಕಿಗೆ ಹೀಗೆ ಮಾಡಿ. ಒಂದು ದೊಡ್ಡ ಹಾಳೆಯ ಮಧ್ಯೆ ನಿಮ್ಮ ಮನೆ ಬರೆದು, ಸುತ್ತ ಪಕ್ಕದವರ ಹೆಸರುಗಳನ್ನು ಇಸವಿ ಸಮೇತ ತುಂಬುತ್ತಾ ಹೋಗಿ. ಪಕ್ಕದ ಮನೆಯವರ ಹತ್ತಿರ ಹೋಗಿ ಯಾಕೆ ಹುಡುಕುತ್ತಿದ್ದೀರಿ ಎಂದು ಬಿಡಿಸಿ ಹೇಳುವುದು ಮುಖ್ಯ. ಆಸ್ತಿ ತಕರಾರು ಇರಬೇಕು ಎಂದು ಹೆದರುತ್ತಾರೆ. ಅವರ ಮನೆಯ ಬಗ್ಗೆ ಸಿಕ್ಕಿದ್ದನ್ನೂ ಅವರಿಗೆ ತೋರಿಸಿ. ಆಮೇಲೆ ಅವರೇ ಟ್ರಂಕು ತೆಗೆಯುತ್ತಾರೆ.

ನಗರಸಭೆ, ಕೋಲಾರ, ಕೋರ್ಟು

ನಗರಸಭೆಯಲ್ಲಿ ಇ-ಖಾತೆಯ ಪ್ರತಿ ಸುಲಭವಾಗಿ ಸಿಗುತ್ತದೆ, ಆದರೆ ನಮಗೆ ಅದು ಸಾಲದು. ಹಳೆ ಅಸೆಸ್‌ಮೆಂಟ್ ರಿಜಿಸ್ಟರ್ (ಮನೆ ಕಂದಾಯ ನಿಗದಿಯ ಪುಸ್ತಕ) ಮತ್ತು ಖಾತೆ ಬದಲಾವಣೆಯ ಕಡತ ಕೇಳಿ. ಹಳೆ ನಂಬರ್, ಹೊಸ ನಂಬರ್ ಜೋಡಿಸಲು ಅದೇ ಕೀಲಿ. ಕಂದಾಯ ಒಂದೇ ವರ್ಷದಲ್ಲಿ ಜೋರಾಗಿ ಏರಿದ್ದರೆ ಆ ಹೊತ್ತಿಗೆ ಮಹಡಿಯೋ ಮಳಿಗೆಯೋ ಸೇರಿರಬಹುದು. ಕಡತ ಕೊಡಲು ಎಳೆದಾಡಿದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು.

ಚಿಕ್ಕಬಳ್ಳಾಪುರದವರು ಮರೆಯಬಾರದ ಇನ್ನೊಂದು ಸಂಗತಿ ಇದೆ. ನಮ್ಮದು ಕೋಲಾರದಿಂದ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಜಿಲ್ಲಾ ಮಟ್ಟದ ಕಡತ ಇಲ್ಲಿ ಇಲ್ಲ ಎಂದರೆ ಅದು ಹಾಳಾಗಿದೆ ಎಂದಲ್ಲ, ಕೋಲಾರದಲ್ಲಿ ಇರಬಹುದು. ಮನೆಯ ಪಾಲಿಗಾಗಿ ದಾವೆ ನಡೆದಿದ್ದರಂತೂ ಕೋಲಾರಕ್ಕೆ ಹೋಗಿ ವಿಚಾರಿಸಲೇಬೇಕು. ಕೋರ್ಟಿನ ತೀರ್ಪಿನಲ್ಲಿ ಮೂರು ತಲೆಮಾರಿನ ವಂಶವೃಕ್ಷ ಇರುತ್ತದೆ. ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳೆದಿದ್ದರೆ ಕೋಣೆ ಕೋಣೆಯ ನಕ್ಷೆಯೇ ಸಿಗಬಹುದು.

ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಕಾಲದ ಕಡತಗಳಿವೆ. ಸಾಮಾನ್ಯ ಮನೆಗೆ ಅಲ್ಲಿ ಸಿಗುವುದು ಕಡಿಮೆ. ಛತ್ರ, ಶಾಲೆ, ಮಿಲ್ಲು, ಪೇಟೆ ಬೀದಿ ಆದರೆ ಹೋಗಿ. ಜನಗಣತಿಯ ಮನೆಮನೆ ಪಟ್ಟಿ ಸಿಗಬಹುದೇ ಎಂದು ಕೆಲವರು ಕೇಳುತ್ತಾರೆ. ಅದು ಸಾರ್ವಜನಿಕರಿಗೆ ತೆರೆದಿಲ್ಲ, ಅದಕ್ಕೆ ಸುಮ್ನೆ ಅಲೆಯಬೇಡಿ.

ಅಂಗಡಿ, ಮಂಡಿ, ನೂಲು ಬಿಚ್ಚುವ ಮನೆ

ವ್ಯಾಪಾರದ ಕಟ್ಟಡಕ್ಕೆ ಮಾಲೀಕರ ಜಾಡಿಗಿಂತ ಬಾಡಿಗೆದಾರರ ಜಾಡು ಮುಖ್ಯ. ಕಟ್ಟಿಸಿದವರು ಎಲ್ಲೋ ಇದ್ದರು, ಕಟ್ಟಡಕ್ಕೆ ಹೆಸರು ತಂದವರು ಒಳಗೆ ಕೂತು ವ್ಯಾಪಾರ ಮಾಡಿದವರು. ಹಳೆ ಬಿಲ್ ಪುಸ್ತಕ, ಲೆಟರ್‌ಹೆಡ್, ಅಂಗಡಿಯವರು ಹಂಚಿದ ಕ್ಯಾಲೆಂಡರ್, ಮದುವೆ ಕಾರ್ಡಿನ ವಿಳಾಸ ಎಲ್ಲವೂ ಸಾಕ್ಷಿ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಮನೆಗಳಿಗೆ ರೇಷ್ಮೆ ಇಲಾಖೆಯ ಲೈಸೆನ್ಸ್ ಹುಡುಕಿ. 1959ರ ರೇಷ್ಮೆ ಕಾಯ್ದೆಯ ಕಾಲದ ರೀಲರ್ ಲೈಸೆನ್ಸನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಚಿಂತಾಮಣಿಯ ಹಳೆ ಮಂಡಿಗಳಿಗೆ ಎಪಿಎಂಸಿಯ ದಲ್ಲಾಲರ ಪಟ್ಟಿ ನೋಡಿ. ಒಂದು ಮಂಡಿ ಪೇಟೆ ಬೀದಿ ಬಿಟ್ಟು ಯಾರ್ಡಿಗೆ ಯಾವಾಗ ಹೋಯಿತು ಎಂದು ತಿಳಿದರೆ ಆ ಕಟ್ಟಡ ಯಾವಾಗ ಬೇರೆ ವ್ಯಾಪಾರಕ್ಕೆ ತಿರುಗಿತು ಎಂದೂ ತಿಳಿಯುತ್ತದೆ.

ಬರೆದಿಡುವಾಗ

ಪ್ರತಿ ಸಂಗತಿಯ ಮುಂದೆ ಅದು ಎಲ್ಲಿಂದ ಬಂತು ಎಂದು ಬರೆಯಿರಿ. 'ಅಜ್ಜಿ ಹೇಳಿದ್ದು' ಎಂದರೆ ಅಜ್ಜಿ ಹೇಳಿದ್ದು ಎಂದೇ ಇರಲಿ, ಪತ್ರದಲ್ಲಿದ್ದದ್ದು ಎಂದು ಮಾಡಬೇಡಿ. ಪತ್ರಕ್ಕೂ ಅಜ್ಜಿಗೂ ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ. ನಮ್ಮ ಅಜ್ಜಿಯ ನೂರೈವತ್ತನ್ನು ನಾನು ಹೊಡೆದುಹಾಕಿಲ್ಲ.

ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಕಾಗದ ಕೆಡುತ್ತದೆ, ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ತುಕ್ಕು ಹಿಡಿದ ಗುಂಡುಪಿನ್ನು ತೆಗೆಯಿರಿ. ಮಡಿಕೆ ಬಿಡಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದ ಕಡೆ ಇಡಿ. ಎರಡೂ ಬದಿ ಫೋಟೋ ತೆಗೆಯಿರಿ, ಷರಾ ಇರುವ ಹಿಂಬದಿಯನ್ನು ಮರೆಯಬೇಡಿ. ಒಂದು ಸೆಟ್ ನಕಲನ್ನು ಉತ್ತರದ ಮನೆಯವರಿಗೂ ಒಂದನ್ನು ದಕ್ಷಿಣದ ಮನೆಯವರಿಗೂ ಕೊಡಿ. ನಿಮ್ಮ ಪತ್ರದ ಚಕ್ಕುಬಂದಿಯಲ್ಲಿ ಅವರ ಮನೆಯೂ ಇದೆ.