ಬ್ರೇಕ್ ಬಿಡೋದು ಕಲಿಯೋಕೆ ಏಳು ತಿಂಗಳು

ಹೋದ ಶನಿವಾರ ನಮ್ಮ ಗುಂಪು ಕಂಪ್ಯೂಟರಿನಲ್ಲಿ ಆಡುವ ಕಾರ್ ರೇಸಿನಲ್ಲಿ ಎರಡನೇ ಸ್ಥಾನ ಬಂದೆ. ಹದಿನಾಲ್ಕು ಜನ ಇದ್ದರು. ಗೆದ್ದವನು ಎಂಟು ವರ್ಷದಿಂದ ಆಡುತ್ತಿರುವವನು, ಅವನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏಳು ತಿಂಗಳ ಹಿಂದೆ ಇದೇ ಹುಡುಗರು ನಾನು ಹಿಂದೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಮರ್ಯಾದೆಗಲ್ಲ, ಗುದ್ದಿಬಿಡುತ್ತಾನೆ ಅನ್ನುವ ಭಯಕ್ಕೆ. ಹೇಗೆ ಮಾಡಿದೆ ಅಂತ ಈಗ ನಾಲ್ಕೈದು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೆದುಬಿಡುತ್ತೇನೆ.

ಆಟ ಅಸೆಟ್ಟೊ ಕೊರ್ಸಾ. ಹಳೆಯದು, 2014ರದ್ದು. ಹೊಸ ಆಟಗಳು ನನ್ನ ಕಂಪ್ಯೂಟರಿನಲ್ಲಿ ಓಡುವುದಿಲ್ಲ, ಅಷ್ಟೇ ಕಾರಣ. ಶಿವಮೊಗ್ಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬಾಗಿಲು ಹಾಕಿ ಮನೆಗೆ ಬಂದು, ಊಟ ಮುಗಿಸಿ ಕೂತರೆ ರಾತ್ರಿ ಹತ್ತರಿಂದ ಹನ್ನೊಂದೂವರೆ. ದಿನಕ್ಕೆ ಸಿಗೋದು ಅಷ್ಟೇ ಹೊತ್ತು, ಅದೂ ಕರೆಂಟ್ ಇದ್ದರೆ.

ಮೊದಲು ದುಡ್ಡಿನ ಕಥೆ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚು ಮೂರ್ಖತನ ಮಾಡಿದ್ದು ಅಲ್ಲೇ. ಲಾಜಿಟೆಕ್ ಜಿ29, ಅಂದರೆ ಆಟಕ್ಕೆ ಹಾಕೋ ಸ್ಟೀರಿಂಗ್ ವೀಲ್ ಮತ್ತು ಪೆಡಲ್, ಸೆಕೆಂಡ್ ಹ್ಯಾಂಡ್ ತಗೊಂಡೆ, 14 ಸಾವಿರ ಚಿಲ್ಲರೆ. ಮಾರಿದವನು ಆರು ತಿಂಗಳಷ್ಟೇ ಬಳಸಿದ್ದು ಅಂದ. ಪೆಡಲ್ ಬಿಚ್ಚಿ ನೋಡಿದರೆ ಒಳಗಿನ ಧೂಳು ಮೂರು ವರ್ಷದ್ದು. ಬ್ರೇಕ್ ಮೇಲೆ ಕಾಲಿಡದಿದ್ದರೂ ಪರದೆಯಲ್ಲಿ ಕೆಂಪು ಪಟ್ಟಿ ಚಂಗಚಂಗನೆ ಹಾರುತ್ತಿತ್ತು. ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಪೊಟೆನ್ಷಿಯೋಮೀಟರ್ ಕೊಳೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಐವತ್ತು ಸಲ ಒತ್ತಿ ಬಿಟ್ಟಮೇಲೆ ಸರಿಹೋಯಿತು. ಆಮೇಲೆ ಯಾರೋ ಮಾರುತ್ತಿದ್ದ ಜಿಟಿ3 ರೇಸ್ ಕಾರುಗಳ ಸೆಟಪ್ (ಸಸ್ಪೆನ್ಷನ್, ಟೈರ್ ಇತ್ಯಾದಿ ಹೊಂದಾಣಿಕೆ) ಫೈಲುಗಳಿಗೆ 700 ರೂಪಾಯಿ ಕೊಟ್ಟೆ. ಅದು ಚೆನ್ನಾಗಿ ಓಡಿಸುವವರಿಗೆ ಮಾಡಿದ್ದು. ನನ್ನ ಕೈಯಲ್ಲಿ ಕಾರು ಮೊದಲಿಗಿಂತ ಬೇಗ ಗಿರಕಿ ಹೊಡೆಯತೊಡಗಿತು, ಸುಧಾರಣೆ ಅಂದರೆ ಅದೊಂದೇ.

ಕುರ್ಚಿದು ಇನ್ನೊಂದು ಗೋಳು. ಅಂಗಡಿಯಿಂದ ತಂದ ಚಕ್ರದ ಕುರ್ಚಿ, ಕೆಳಗೆ ರೆಡ್ ಆಕ್ಸೈಡ್ ನೆಲ. ಜೋರಾಗಿ ಬ್ರೇಕ್ ಒತ್ತಿದರೆ ಕಾರು ನಿಲ್ಲುತ್ತಿತ್ತು, ನಾನು ಹಿಂದಕ್ಕೆ ಹೋಗಿ ಬೀರುವಿಗೆ ಬಡಿಯುತ್ತಿದ್ದೆ. ಚಕ್ರಗಳನ್ನು ಹಳೆ ಶೂಗಳ ಒಳಗೆ ಇಳಿಸಿ ನೋಡಿದೆ, ಒಂದು ವಾರ ನಡೆಯಿತು. ಪೆಡಲಿನ ಹಿಂದೆ ಪ್ಲೈವುಡ್ ಇಟ್ಟು ಗೋಡೆಗೆ ಒತ್ತು ಕೊಟ್ಟೆ, ಗೋಡೆಯ ಸುಣ್ಣ ಉದುರಿ ಮನೆಯಲ್ಲಿ ಜಗಳವಾಯಿತು. ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನಿಂದ ಒಂದು ಸ್ಟ್ಯಾಂಡ್ ಮಾಡಿಸಿದೆ. ಪೆಡಲ್, ವೀಲ್, ಸೀಟು ಎಲ್ಲ ಒಂದೇ ಚೌಕಟ್ಟು. 2,600 ಆಯಿತು ಅನ್ನಿಸುತ್ತೆ. ಸೀಟು ಗುಜರಿಯಲ್ಲಿ ಸಿಕ್ಕ ಮಾರುತಿ 800ದ್ದು, 400 ರೂಪಾಯಿ. ಈ 3,000 ಮೊದಲೇ ಖರ್ಚು ಮಾಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಮೊದಲ ಎರಡು ತಿಂಗಳು ಎಲ್ಲರ ಹಾಗೇ ಆಡಿದೆ. ಇವತ್ತು ಫೆರಾರಿ, ನಾಳೆ ಪೋರ್ಷೆ, ಒಂದು ದಿನ ಮೊನ್ಜಾ ಟ್ರ್ಯಾಕು, ಇನ್ನೊಂದು ದಿನ ಸ್ಪಾ. ಫೋರ್ಸ್ ಫೀಡ್‌ಬ್ಯಾಕ್ (ಟೈರಿನ ಎಳೆತವನ್ನು ಮೋಟಾರ್ ಮೂಲಕ ವೀಲ್ ಹಿಡಿದ ಕೈಗೆ ಮುಟ್ಟಿಸುವುದು) ನೂರಕ್ಕೆ ನೂರು. ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದುಕೊಂಡಿದ್ದೆ. ಜಿ29ರ ಮೋಟಾರಿಗೆ ಅಷ್ಟು ಶಕ್ತಿ ಇಲ್ಲ. ಆಟದ ಪರದೆಯಲ್ಲಿ ಕಾಣುವ ಪೆಡಲ್ ಆ್ಯಪಿನಲ್ಲಿ ಈ ಬಲ ತೋರಿಸುವ ನಾಲ್ಕನೇ ಪಟ್ಟಿ, ಬೂದು ಬಣ್ಣದ್ದು, ಪ್ರತಿ ತಿರುವಿನಲ್ಲೂ ಕೆಂಪಾಗಿ ಕೂತುಬಿಡುತ್ತಿತ್ತು. ಅಂದರೆ ಟೈರ್ ಹಿಡಿದಿದ್ದರೂ ಜಾರಿದರೂ ಕೈಗೆ ಒಂದೇ ಭಾರ. ಮಣಿಕಟ್ಟು ನೋವು ಬಂತೇ ಹೊರತು, ಕಾರು ಏನು ಮಾಡುತ್ತಿದೆ ಅಂತ ಕೈಗೆ ಒಂದು ದಿನವೂ ಗೊತ್ತಾಗಲಿಲ್ಲ. ಈಗ ಆ ಕೆಂಪು ಬರೋದು ಟ್ರ್ಯಾಕಿನ ಅಂಚಿನ ಕರ್ಬ್ ಹತ್ತಿದಾಗ ಮಾತ್ರ. ಅಷ್ಟು ಬರುವವರೆಗೆ ಇಳಿಸಿ. ಎಷ್ಟು ಅಂತ ನಂಬರ್ ಕೇಳಬೇಡಿ, ಕಾರಿನಿಂದ ಕಾರಿಗೆ ಬೇರೆ.

ಅದೇ ಹೊತ್ತಿಗೆ ನಮ್ಮ ಸೋದರಮಾವ ಮನೆಗೆ ಬಂದಿದ್ದರು. ಮೂವತ್ತು ವರ್ಷ ಬಸ್ ಓಡಿಸಿದವರು, ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ಅವರಿಗೆ ಮನೆ ಮೆಟ್ಟಿಲಿದ್ದ ಹಾಗೆ. ಕೂರಿಸಿದೆ. ಮೊದಲ ತಿರುವಿನಲ್ಲೇ ಗೋಡೆಗೆ ಹೋದರು. ಎರಡನೇ ಸಲವೂ ಅಷ್ಟೇ. ವೀಲ್ ಬಿಟ್ಟು, "ಸೊಂಟಕ್ಕೆ ಏನೂ ಗೊತ್ತಾಗಲ್ವಲ್ಲೋ ಇದ್ರಲ್ಲಿ" ಅಂದರು. ನಾನು ನಕ್ಕೆ. ರಾತ್ರಿ ಮಲಗಿದಾಗ ಆ ಮಾತು ಬಿಡಲಿಲ್ಲ. ನಿಜವಾದ ಕಾರಿನಲ್ಲಿ ಹಿಂಭಾಗ ಜಾರುವುದು ಮೊದಲು ಸೊಂಟಕ್ಕೆ ತಿಳಿಯುತ್ತದೆ. ಇಲ್ಲಿ ಸೊಂಟ ಸತ್ತ ಹಾಗೆ. ಆ ಕೆಲಸ ಕಿವಿ ಮಾಡಬೇಕು, ಕೈ ಮಾಡಬೇಕು.

ಮಾರನೇ ದಿನ ಆಡಿಯೋದಲ್ಲಿ ಇಂಜಿನ್ ಸದ್ದು ಮೂವತ್ತಕ್ಕೆ ಇಳಿಸಿ ಟೈರ್ ಸದ್ದು ಪೂರ್ತಿ ಏರಿಸಿದೆ. ಫೀಲ್ಡ್ ಆಫ್ ವ್ಯೂ, ಅಂದರೆ ಪರದೆ ತೋರಿಸುವ ನೋಟದ ಕೋನ, ಅದನ್ನೂ ಲೆಕ್ಕ ಹಾಕಿ ಇಳಿಸಿದೆ. 24 ಇಂಚಿನ ಮಾನಿಟರ್, ಕಣ್ಣಿಗೆ ಸುಮಾರು 60 ಸೆಂಟಿಮೀಟರ್ ದೂರ, ಲೆಕ್ಕ ಬಂದಿದ್ದು 28 ಡಿಗ್ರಿ. ಮೊದಲು ಕಿಟಕಿ ಸಂದಿಯಿಂದ ನೋಡಿದ ಹಾಗಿತ್ತು, ಅಕ್ಕಪಕ್ಕ ಏನೂ ಕಾಣಲ್ಲ. ನಾಲ್ಕು ದಿನ ಬೈದುಕೊಂಡೆ. ಐದನೇ ದಿನದಿಂದ ಕಾರಿನ ಮೂತಿ ಒಂದು ಚೂರು ತಿರುಗಿದರೂ ಕಣ್ಣಿಗೆ ಬೀಳತೊಡಗಿತು.

ಇಷ್ಟಾದ ಮೇಲೆ ಒಂದು ನಿರ್ಧಾರ ಮಾಡಿದೆ. ಗುಂಪಿನವರು ನಕ್ಕಿದ್ದು ಇದಕ್ಕೇ. ಒಂದೇ ಕಾರು, ಒಂದೇ ಟ್ರ್ಯಾಕು. ಕಾರು ಟೊಯೊಟಾ ಜಿಟಿ86, ರಸ್ತೆಯಲ್ಲಿ ಓಡುವಂಥದ್ದೇ. 200 ಅಶ್ವಶಕ್ತಿ, ಹಿಂದಿನ ಚಕ್ರಕ್ಕೆ ಪವರ್. ಕಂಪನಿಯವರು ಬೇಕಂತಲೇ ಮೈಲೇಜಿಗೆ ಹೆಸರಾದ ಪ್ರಿಯಸ್‌ಗೆ ಹಾಕುವಂಥ ಟೈರ್ ಕೊಟ್ಟು ಬಿಟ್ಟಿದ್ದ ಕಾರು ಅದು. ಹಿಡಿತ ಕಡಿಮೆ, ಹಾಗಾಗಿ ಎಲ್ಲವೂ ನಿಧಾನವಾಗಿ ನಡೆಯುತ್ತದೆ, ನಿಮ್ಮ ತಪ್ಪು ನಿಮಗೇ ಕಾಣುತ್ತದೆ. ಟ್ರ್ಯಾಕು ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್, ಅದರಲ್ಲೂ ಚಿಕ್ಕ ಇಂಡಿ ಸುತ್ತು, ಎರಡು ಕಿಲೋಮೀಟರಿಗೂ ಕಮ್ಮಿ. ಆಟ ಕೊಡುವ ಸಹಾಯಗಳೆಲ್ಲ ಬಂದ್: ಎಬಿಎಸ್ ಆಫ್, ಟ್ರ್ಯಾಕ್ಷನ್ ಆಫ್, ಸ್ಟೆಬಿಲಿಟಿ ಸೊನ್ನೆ, ಐಡಿಯಲ್ ಲೈನ್ ಇಲ್ಲ, ಸೆಟಪ್ ಡಿಫಾಲ್ಟ್. "ಟ್ಯಾಕ್ಸಿ ಓಡಿಸಿ ಏನ್ ಕಲೀತೀಯಾ ಗುರು, ಜಿಟಿ3ಗೆ ಬಾ" ಅಂತ ಮಂಗಳೂರಿನವನು ವಾರಕ್ಕೊಮ್ಮೆ ಹೇಳುತ್ತಿದ್ದ.

ಮೊದಲ ವಾರ ಒಂದು ಸುತ್ತಿಗೆ 1:08, ಅಂದರೆ ಒಂದು ನಿಮಿಷ ಎಂಟು ಸೆಕೆಂಡ್. ಒಂದು ತಿಂಗಳಿಗೆ 1:04. ಅಲ್ಲಿ ನಿಂತುಬಿಟ್ಟೆ. ಎಷ್ಟು ತಡವಾಗಿ ಬ್ರೇಕ್ ಒತ್ತಿದರೂ 1:04, ಎಷ್ಟು ಬೇಗ ಒತ್ತಿದರೂ 1:04.

ಪ್ಯಾಡಕ್ ಹಿಲ್ ಗೊತ್ತಲ್ಲ, ಮೊದಲ ತಿರುವು. 150ರ ಆಸುಪಾಸಿನಲ್ಲಿ ಬರುತ್ತೀರಿ, ಬಲಕ್ಕೆ ತಿರುಗುತ್ತಿದ್ದ ಹಾಗೇ ರಸ್ತೆ ಕಾಲ ಕೆಳಗಿಂದ ಬಿದ್ದುಹೋಗುತ್ತದೆ. ದಿಬ್ಬದ ನೆತ್ತಿಯಲ್ಲಿ ಕಾರು ಹಗುರ, ತಳದಲ್ಲಿ ಭಾರ. 1964ರಿಂದ 86ರವರೆಗೆ ಫಾರ್ಮುಲಾ ಒನ್ ಬಂದುಹೋಗುತ್ತಿದ್ದ ಜಾಗ, ಅಲ್ಲಿ ನನ್ನ ಜಿಟಿ86 ದಿನಕ್ಕೆ ಹತ್ತು ಸಲ ಮರಳಿಗೆ ಬೀಳುತ್ತಿತ್ತು. ಒಂದು ರಾತ್ರಿ ರಿಪ್ಲೇ ಹಾಕಿ, ನಿಧಾನ ಮಾಡಿ, ಬ್ರೇಕ್ ಪಟ್ಟಿಯನ್ನು ಮಾತ್ರ ನೋಡಿದೆ. ಏರುವಾಗ ಚೆನ್ನಾಗಿಯೇ ಏರುತ್ತಿತ್ತು. ಇಳಿಯುವುದು ಮಾತ್ರ ಸ್ವಿಚ್ ಆರಿಸಿದ ಹಾಗೆ. ಎಂಬತ್ತರಿಂದ ಸೊನ್ನೆಗೆ ಒಂದೇ ಏಟು. ಸ್ಟೀರಿಂಗ್ ತಿರುಗಿಸುವ ಹೊತ್ತಿಗೆ ಸರಿಯಾಗಿ ಬ್ರೇಕ್ ಬಿಟ್ಟು ಮೂತಿ ಎತ್ತಿಸುತ್ತಿದ್ದೆ. ಮೂತಿ ನೆಲ ಬಿಟ್ಟರೆ ಎಲ್ಲಿ ಕಚ್ಚುತ್ತದೆ? ಆಮೇಲೆ ತಿರುಗಲಿಲ್ಲ ಅಂತ ಇನ್ನೂ ತಿರುಗಿಸುವುದು, ತಳದಲ್ಲಿ ಭಾರ ವಾಪಸ್ ಬಂದಾಗ ಮುಂದಿನ ಟೈರ್ ಒಮ್ಮೆಲೇ ಹಿಡಿದು ಹಿಂಭಾಗ ಬೀಸಿ ಹೋಗುವುದು. ಎರಡು ತಿಂಗಳು ನಾನು ಸ್ಟೀರಿಂಗಿನ ತಪ್ಪು ಅಂದುಕೊಂಡಿದ್ದು ಕಾಲಿನ ತಪ್ಪು.

ಟ್ರೇಲ್ ಬ್ರೇಕಿಂಗ್, ಅಂದರೆ ತಿರುಗುತ್ತಾ ಹೋದ ಹಾಗೆ ಬ್ರೇಕ್ ಮೆಲ್ಲಗೆ ಬಿಡೋದು, ಅಂತ ಎಲ್ಲರೂ ಹೇಳುತ್ತಾರೆ, ನಾನೂ ನೂರು ವಿಡಿಯೋ ನೋಡಿದ್ದೆ. ಕಾಲಿಗೆ ಗೊತ್ತಾಗಬೇಕಲ್ಲ! ಒಂದು, ಎರಡು ಅಂತ ಎಣಿಸುತ್ತಾ ಬಿಡೋದು ಪ್ರಯತ್ನಿಸಿದೆ. ಎಣಿಕೆ ಮೆಟ್ಟಿಲು ಇದ್ದ ಹಾಗೆ, ಕಾಲೂ ಮೆಟ್ಟಿಲು ಇಳಿದ ಹಾಗೇ ಇಳಿಯಿತು. ಆಮೇಲೆ ಒಂದು ದಿನ ಬಾಯಿಂದ "ಬಾ" ಅಂತ ಎಳೆದೆ. ಯಾಕೆ ಆ ಪದ ಬಂತೋ ಗೊತ್ತಿಲ್ಲ, ಮೂತಿಯನ್ನು ಒಳಗೆ ಕರೆಯುತ್ತಿದ್ದೆ ಅನ್ನಿಸುತ್ತೆ. ಬಾ ಅಂತ ಜೋರಾಗಿ ಶುರುಮಾಡಿ, ಉಸಿರು ಸಣ್ಣಗಾಗುತ್ತಾ ಹೋದ ಹಾಗೆ ಪೆಡಲ್ ಬಿಡುವುದು. ದನಿ ನಿಲ್ಲುವ ಜಾಗದಲ್ಲಿ ಬ್ರೇಕ್ ಸೊನ್ನೆ. ಪ್ಯಾಡಕ್ ಹಿಲ್‌ಗೆ ಉದ್ದ ಬಾ. ಡ್ರೂಯಿಡ್ಸ್ ಹೇರ್‌ಪಿನ್ ಏರಿನಲ್ಲಿ ಇದೆಯಲ್ಲ, ಅಲ್ಲಿ ಭಾರ ತಾನೇ ಹಿಂದಕ್ಕೆ ಬೇಗ ಓಡುತ್ತದೆ, ಅದಕ್ಕೆ ಇನ್ನೂ ಉದ್ದ, ಆದರೆ ಸಣ್ಣ ದನಿಯದ್ದು. ಗ್ರಹಾಂ ಹಿಲ್ ತಿರುವಿಗೆ ಒಂದು ಚಿಕ್ಕದು. ಹೆಂಡತಿ ಅಡುಗೆಮನೆಯಿಂದ "ಯಾರನ್ನ ರೀ ಅಷ್ಟು ಹೊತ್ತಿಂದ ಕರೀತಿದ್ದೀರಾ" ಅಂದಳು. ಮೈಕ್ ಆನ್ ಇದ್ದಿದ್ದು ನನಗೆ ಗೊತ್ತಿರಲಿಲ್ಲ. ಅವತ್ತಿನಿಂದ ಗುಂಪಿನಲ್ಲಿ ನನ್ನ ಹೆಸರು ಬಾ ಸಾರ್.

ನಗಲಿ. ಮೂರು ವಾರದಲ್ಲಿ 1:02ರ ಒಳಗೆ ಬಂದೆ.

ಇದಕ್ಕೆ ಪೆಡಲ್ ಕೂಡ ಸಹಾಯ ಮಾಡಬೇಕು. ಜಿ29ರ ಬ್ರೇಕ್ ಒಳಗಿನ ರಬ್ಬರ್ ತುಂಡು ಎಲ್ಲರೂ ಬೈಯುವಂಥದ್ದು. ಅದನ್ನು ತೆಗೆದೆ, ಪೆಡಲ್ ಹಿಂದೆ ಅರ್ಧ ಕತ್ತರಿಸಿದ ಟೆನ್ನಿಸ್ ಚೆಂಡು ಇಟ್ಟೆ. ಹಳೇ ಉಪಾಯ, ನನ್ನದಲ್ಲ. ಮೊದಲು ಇಟ್ಟಿದ್ದು ಹುಡುಗರು ಕ್ರಿಕೆಟ್ ಆಡುವ 40 ರೂಪಾಯಿ ಚೆಂಡು, ಹತ್ತು ದಿನಕ್ಕೆ ಚಪ್ಪಟೆ. ಆಮೇಲೆ ಸ್ವಲ್ಪ ಗಟ್ಟಿ ಚೆಂಡು. ಅದರ ಒಳಗೆ ನಾನು ಇನ್ನೊಂದು ವಸ್ತು ತುಂಬುತ್ತೇನೆ, ಅದೇನು ಅಂತ ಹೇಳಲ್ಲ, ನಮ್ಮ ಗುಂಪಿನವರೂ ಓದುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತೆ, ಅಷ್ಟೇ. ಕಾಲಿಗೆ ಚಪ್ಪಲಿ ಬೇಡ, ಬರಿಗಾಲೂ ಬೇಡ, ತೆಳು ಸಾಕ್ಸ್.

ಇನ್ನು ಕಾರು ಜಾರಿದಾಗ ಎದುರು ಸ್ಟೀರಿಂಗ್ ಕೊಡೋದು. ಎಲ್ಲರಂತೆ ನಾನೂ ಗಟ್ಟಿಯಾಗಿ ಹಿಡಿದು ತಿರುಗಿಸುತ್ತಿದ್ದೆ. ತಡವಾಗಿ ತಿರುಗಿಸಿ, ತಡವಾಗಿ ವಾಪಸ್ ತಂದು, ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಬೀಸಿ ಕೊನೆಗೆ ಗೋಡೆ. ಡ್ರೂಯಿಡ್ಸ್‌ನಲ್ಲಿ ಎರಡನೇ ಗೇರಿನಲ್ಲಿ ಬೇಕಂತಲೇ ಜಾರಿಸಿ, ಬೆರಳು ಸಡಿಲ ಬಿಟ್ಟೆ. ವೀಲ್ ತಾನೇ ಓಡಿ ಸರಿಯಾದ ಜಾಗಕ್ಕೆ ಹೋಗುತ್ತದೆ. ನಿಮ್ಮ ಕೆಲಸ ಅದನ್ನು ಎಲ್ಲಿ ಹಿಡಿಯಬೇಕು ಅನ್ನೋದಷ್ಟೇ. ಕಣ್ಣು ಗೋಡೆ ಮೇಲಿದ್ದರೆ ಕೈ ಗೋಡೆಗೇ ಹೋಗುತ್ತದೆ. ಒಂದು ಸಂಜೆಗೆ ಅರವತ್ತು ಎಪ್ಪತ್ತು ಗಿರಕಿ ಹೊಡೆದಿರಬಹುದು, ಲ್ಯಾಪ್ ಟೈಮ್ ನೋಡಲೇ ಇಲ್ಲ. ದುಡ್ಡು ಕೊಟ್ಟು ಆಟ ತಗೊಂಡು ಯಾರಾದರೂ ಹೀಗೆ ಮಾಡ್ತಾರಾ ಅಂತ ಗುಂಪಿನವರು ಅಂದರು. ನಾನು ಮಾಡಿದೆ.

ನಡುವೆ ಬೇಡದ ಪ್ರಯೋಗಗಳೂ ಆದವು. ಫೋರ್ಸ್ ಫೀಡ್‌ಬ್ಯಾಕ್ ಪೂರ್ತಿ ಆರಿಸಿ ಎರಡು ರಾತ್ರಿ ಬರೀ ಕಿವಿಯಲ್ಲಿ ಓಡಿಸಿದೆ. ಟೈರ್ ಮೊದಲು ಗೊಣಗುತ್ತದೆ, ಆಮೇಲೆ ಹಾಡುತ್ತದೆ, ಆಮೇಲೆ ಕಿರುಚುತ್ತದೆ. ವೇಗ ಇರುವುದು ಹಾಡುವ ಜಾಗದಲ್ಲಿ. ಕಿರುಚಿದರೆ ಟೈರ್ ಸವೆಯುತ್ತಿದೆ ಅಂತ ಅರ್ಥ, ಕಾರು ತಿರುಗುತ್ತಿದೆ ಅಂತಲ್ಲ. ಇನ್ನೊಂದು ಸಲ ಟ್ಯಾಂಕ್ ತುಂಬಾ 50 ಲೀಟರ್ ಪೆಟ್ರೋಲ್ ಹಾಕಿ, ಆಮೇಲೆ 5 ಲೀಟರ್ ಹಾಕಿ ಓಡಿಸಿ ನೋಡಿದೆ. ಮೂವತ್ತು ಮೂವತ್ತೈದು ಕಿಲೋ ವ್ಯತ್ಯಾಸಕ್ಕೆ ಅರ್ಧ ಸೆಕೆಂಡ್ ಹತ್ತಿರ ಹೋಯಿತು. ಆದರೆ ಭಾರದ ಕಾರಿನಲ್ಲಿ ಒಂದು ವಾರ ಓಡಿಸಿ ಹಗುರದ ಕಾರಿಗೆ ಬಂದಾಗ ಕಾಲು ತಾನಾಗೇ ಮೆತ್ತಗಾಗಿತ್ತು, ಯಾಕೆ ಅಂತ ಈಗಲೂ ಹೇಳೋಕೆ ಬರಲ್ಲ. ನಾರ್ಡ್‌ಶ್ಲೈಫಾ ಕೂಡ ಹೋದೆ, ಸೊಕ್ಕು ಬಂದಿತ್ತು. ಜರ್ಮನಿಯ ಟ್ರ್ಯಾಕು ಅದು, 20 ಕಿಲೋಮೀಟರಿಗೂ ಮಿಕ್ಕಿದ ಸುತ್ತು, ಮೂರು ಸಲ ಹೊರಟೆ, ಮೂರು ಸಲವೂ ಅರ್ಧ ದಾರಿಯಲ್ಲಿ ಬೇಲಿ. ಸುಮ್ನೆ ಬ್ರ್ಯಾಂಡ್ಸ್ ಹ್ಯಾಚಿಗೆ ವಾಪಸ್ ಬಂದೆ.

ಟೈರ್ ಪ್ರೆಶರ್ ಬಗ್ಗೆ ಒಂದು ಮಾತು. ಡಿಫಾಲ್ಟ್ ಅಂದೆನಲ್ಲ, ಅದು ಐದು ತಿಂಗಳವರೆಗೆ. ಆಮೇಲೆ ಸ್ವಲ್ಪ ಕೈಯಾಡಿಸಿದ್ದೇನೆ. ಮುಂದೆ ಒಂದು, ಹಿಂದೆ ಇನ್ನೊಂದು. ಇಷ್ಟು ಸಾಕು.

ಶನಿವಾರದ ರೇಸಿಗೆ ಬರುತ್ತೇನೆ. ಜಿಟಿ86ರಲ್ಲೇ ಇಡೋಣ ಅಂತ ನಾನೇ ದುಂಬಾಲು ಬಿದ್ದಿದ್ದೆ. ಇಪ್ಪತ್ತು ಲ್ಯಾಪ್. ಆರನೇ ಜಾಗದಿಂದ ಹೊರಟೆ. ಮೊದಲ ಐದು ಲ್ಯಾಪ್ ಏನೂ ಮಾಡಲಿಲ್ಲ, ಮುಂದಿನವರ ಟೈರ್ ಕಿರುಚುವುದನ್ನು ನೋಡುತ್ತಾ ಹಿಂದೆ ಕೂತೆ. ಏಳನೇ ಲ್ಯಾಪಿನಿಂದ ಒಬ್ಬೊಬ್ಬರೇ ಡ್ರೂಯಿಡ್ಸ್‌ನಲ್ಲಿ ಅಗಲಕ್ಕೆ ಹೋಗತೊಡಗಿದರು, ನಾನು ಒಳಗಿಂದ ನುಗ್ಗಿದೆ. ಮಂಗಳೂರಿನವನನ್ನು ದಾಟಿದ್ದು ಹದಿನಾರನೆಯದರಲ್ಲಿ, ಪ್ಯಾಡಕ್ ಹಿಲ್ ಇಳಿಜಾರಿನಲ್ಲಿ. ಅವನು ನನಗಿಂತ ತಡವಾಗಿ ಬ್ರೇಕ್ ಒತ್ತಿದ, ನಾನು ಅವನಿಗಿಂತ ತಡವಾಗಿ ಬಿಟ್ಟೆ. ಅವನ ಮೂತಿ ಹೊರಗೆ ತೇಲಿ ಹೋಯಿತು. ನನ್ನ ಅತಿ ಚೆನ್ನಾದ ಲ್ಯಾಪ್ 1:01.3 ಏನೋ ಇತ್ತು. ಮುಗಿದ ಮೇಲೆ ಅವನು ಸೆಟಪ್ ಫೈಲ್ ಕೇಳಿದ. ಪ್ರೆಶರ್ ಬಿಟ್ಟರೆ ಏನೂ ಮುಟ್ಟಿಲ್ಲ ಅಂದೆ. ನಂಬಲಿಲ್ಲ, ಈಗಲೂ ನಂಬಿಲ್ಲ.

ಸದ್ಯ ಚೆಂಡು ಮತ್ತೆ ಚಪ್ಪಟೆ ಆಗಿದೆ, ರೇಸಿನ ಕೊನೆಯ ಲ್ಯಾಪುಗಳಲ್ಲೇ ಪೆಡಲ್ ಕೆಳಗೆ ಕೂರುತ್ತಿತ್ತು. ಪೆಡಲ್ ಎಷ್ಟು ದೂರ ಹೋಯಿತು ಅಂತಲ್ಲ, ಕಾಲು ಎಷ್ಟು ಬಲವಾಗಿ ಒತ್ತಿತು ಅಂತ ಅಳೆಯುವ ಲೋಡ್ ಸೆಲ್ ಹಾಕಿಸು ಅಂತಾರೆ. ವಿಚಾರಿಸಿದೆ, ಎಂಟು ಒಂಬತ್ತು ಸಾವಿರ ಆಗುತ್ತಂತೆ. ಅಂಗಡಿಗೆ ಟೋನರ್ ತರಬೇಕು ಮೊದಲು. ಅಲ್ಲಿಯವರೆಗೆ ಇನ್ನೊಂದು ಚೆಂಡು ಕತ್ತರಿಸುತ್ತೇನೆ.