ಟ್ರಾಲಿ ಚಕ್ರ ಮತ್ತು ನನ್ನ ಸೊಂಟ

ಒಂದು ಸರ್ಕಾರಿ ಆಸ್ಪತ್ರೆಯಲ್ಲಿ 11 ವರ್ಷದಿಂದ ವಾರ್ಡ್ ಅಟೆಂಡರ್ ಆಗಿದ್ದೇನೆ. ನಾಲ್ಕು ವರ್ಷದ ಹಿಂದೆ, ನೈಟ್ ಡ್ಯೂಟಿಯಲ್ಲಿ, ನೆಲಕ್ಕೆ ಬಿದ್ದಿದ್ದ ದಿಂಬು ತೆಗೆಯೋಕೆ ಬಗ್ಗಿದೆ. ಅಷ್ಟೇ. ಸೊಂಟ ಹಿಡಿದುಕೊಂಡಿತು. ಮಂಚದ ಕಂಬಿ ಹಿಡಿದು ಅರ್ಧ ಬಗ್ಗಿಯೇ ನಿಂತಿದ್ದೆ. ಆ ಮಂಚದ ಅಜ್ಜಿಯೇ "ಸಿಸ್ಟರ್, ಈ ಹುಡುಗನ್ನ ನೋಡ್ರಮ್ಮಾ" ಅಂತ ಕೂಗಿದರು.

ದಿಂಬಿನ ಭಾರಕ್ಕೆ ಯಾರ ಸೊಂಟವೂ ಹೋಗಲ್ಲ. ವರ್ಷಗಟ್ಟಲೆ ಸೇರಿಕೊಂಡಿದ್ದು ಅವತ್ತು ಹೊರಗೆ ಬಂತು.

ಎಲ್ಲರದ್ದೂ ಒಂದೇ ಮಾತು: ಬೆಲ್ಟ್ ಹಾಕ್ಕೋ, ಮಂಡಿ ಮಡಚಿ ಎತ್ತು. ಬೆಲ್ಟ್ ಬೆವರಿಗೆ ತುರಿಕೆ ತಂದಿತು, ಬೇರೇನೂ ಮಾಡಲಿಲ್ಲ. ಮಂಡಿ ಮಡಚೋದು ಅಕ್ಕಿ ಮೂಟೆಗೆ ಸರಿ. ಮಂಚದ ಮಧ್ಯೆ ಮಲಗಿದ ಮನುಷ್ಯನನ್ನು ಎತ್ತಲು ಕೈ ಚಾಚಲೇಬೇಕು, ಅಲ್ವಾ? ಕೈ ಮೈಯಿಂದ ದೂರ ಹೋದಷ್ಟೂ ಸೊಂಟದ ಮೇಲೆ ಭಾರ ಏರುತ್ತದೆ. ಕೆಲಸಗಾರರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆಯ ಲೆಕ್ಕದಲ್ಲಿ ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ ಹೆಚ್ಚೆಂದರೆ 16 ಕೆ.ಜಿ. ಬರಬೇಕಂತೆ. ನಾವು 70 ಕೆ.ಜಿ. ಆಳನ್ನು ಇಬ್ಬರೇ ಎತ್ತುತ್ತಿದ್ದೆವು.

ನಮ್ಮ ಫಿಸಿಯೋ ಮೇಡಂ ಒಂದು ದಿನ ನಾನು ರೋಗಿಗಳನ್ನು ಸಾಗಿಸುವ ಟ್ರಾಲಿ ತಳ್ಳುವುದನ್ನು ನೋಡುತ್ತಾ ನಿಂತರು. "ನೀವು ತಳ್ತಾ ಇಲ್ಲ ಅಣ್ಣ, ಜಗ್ಗಾಡ್ತಾ ಇದ್ದೀರಿ" ಅಂದರು. ನಿಜ. ಮುಂದಿನ ಎಡಚಕ್ರ ತಿರುಗುತ್ತಲೇ ಇರಲಿಲ್ಲ. ಟ್ರಾಲಿ ನೇರ ಹೋಗಲಿ ಅಂತ ಪ್ರತಿ ಸಲ ಸೊಂಟ ತಿರುಚಿ ಬಲಕ್ಕೆ ಎಳೆಯುತ್ತಿದ್ದೆ, ನನಗೇ ಗೊತ್ತಿಲ್ಲದೆ.

ಮಧ್ಯಾಹ್ನ ಟ್ರಾಲಿ ಮಗುಚಿ ಹಾಕಿದೆ. ಚಕ್ರದ ಅಚ್ಚಿಗೆ ತಲೆಕೂದಲು, ಬ್ಯಾಂಡೇಜ್ ದಾರ, ಟೇಪಿನ ಅಂಟು ಸೇರಿ ಕದಿರಿಗೆ ನೂಲು ಸುತ್ತಿದ ಹಾಗೆ ಬಿಗಿದಿತ್ತು. ಗ್ಲೌಸ್ ಹಾಕಿ, ಬ್ಲೇಡಿನಲ್ಲಿ ಕೊಯ್ದು ತೆಗೆಯಲು ಅರ್ಧ ಗಂಟೆ ಬೇಕಾಯಿತು. ಮೊದಲು ಕೊಬ್ಬರಿ ಎಣ್ಣೆ ಬಿಟ್ಟೆ. ದಡ್ಡತನ. ವಾರದಲ್ಲಿ ಧೂಳು ಮೆತ್ತಿಕೊಂಡು ಇನ್ನೂ ಬಿಗಿಯಾಯಿತು. ಆಮೇಲೆ ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ. ಈಗ ಒಂದೇ ಕೈಯಲ್ಲಿ ಓಡುತ್ತದೆ. ತಿಂಗಳಿಗೊಮ್ಮೆ ಈ ಕೆಲಸ ನನ್ನದೇ. ಇದನ್ನು ಯಾರ ಡ್ಯೂಟಿ ಲಿಸ್ಟಿನಲ್ಲೂ ಬರೆದಿಲ್ಲ.

ಇನ್ನೊಂದು ಬದಲಾವಣೆ: ಎತ್ತುವುದು ಬಿಟ್ಟು ಜಾರಿಸುತ್ತೇನೆ. ಟ್ರಾಲಿಯನ್ನು ಮಂಚಕ್ಕೆ ಸಂದಿಲ್ಲದಂತೆ ತಾಗಿಸಿ ಬ್ರೇಕ್ ಹಾಕಬೇಕು. ರೋಗಿಯ ಕೆಳಗಿನ ಬೆಡ್‌ಶೀಟನ್ನು ಎರಡೂ ಕಡೆಯಿಂದ ಅವರ ಮೈಗೆ ತಾಗುವವರೆಗೆ ಸುರುಳಿ ಸುತ್ತಿ ಹಿಡಿಯಬೇಕು. ಶೀಟಿನ ಅಡಿಗೆ ಹೊಸ ದೊಡ್ಡ ಕಸದ ಕವರ್ ಸೀಳಿ ಹಾಸಿದರೆ ಸರ್ರನೆ ಜಾರುತ್ತದೆ; ಕೆಲಸ ಮುಗಿದ ತಕ್ಷಣ ತೆಗೆಯಲೇಬೇಕು. ಒಂದು ಕಾಲು ಮುಂದೆ, ಒಂದು ಹಿಂದೆ. "ಒಂದು, ಎರಡು, ಮೂರು" ಅಂದಾಗ ಕೈಯಲ್ಲಿ ಎಳೆಯದೆ ಮೈಭಾರವನ್ನು ಹಿಂದಿನ ಕಾಲಿಗೆ ಹಾಕುತ್ತೇನೆ. ನಾಲ್ಕು ಜನ ಇಲ್ಲದಿದ್ದರೆ ಕಾಯುತ್ತೇನೆ. ಮೊದಮೊದಲು ಜೊತೆಯವರು "ದೊಡ್ಡ ಸಾಹೇಬ್ರು ಬಂದ್ರು" ಅಂತ ಆಡಿಕೊಂಡರು. ಬೆನ್ನುಮೂಳೆಗೆ ಏಟು ಬಿದ್ದವರ ವಿಷಯ ಮಾತ್ರ ಬೇರೆ, ಅಲ್ಲಿ ಡಾಕ್ಟರ್ ನಿಂತು ಹೇಳಿದ ಹಾಗೆ.

ಆಕ್ಸಿಜನ್ನಿನ ದೊಡ್ಡ ಜಂಬೋ ಸಿಲಿಂಡರನ್ನು ಅಪ್ಪಿ ಎತ್ತುವ ಶೋಕಿಯನ್ನೂ ಬಿಟ್ಟೆ. ಅದಕ್ಕೆ ಗಾಡಿ ಇದೆ, ಹುಡುಕಬೇಕಷ್ಟೇ.

ನೋವು ಪೂರ್ತಿ ಹೋಗಿಲ್ಲ. ಎರಡು ಡ್ಯೂಟಿ ಒಟ್ಟಿಗೆ ಮಾಡಿದ ದಿನ ಎಡಗಾಲಿಗೆ ಜೋಮು ಬರುತ್ತದೆ. ಒಂದಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ: ಟಾಯ್ಲೆಟ್. ಕಿರಿದಾದ ಜಾಗ, ಒದ್ದೆ ನೆಲ, ಕೂತವರು ಏಳಲಾಗದೆ ಕುತ್ತಿಗೆಗೆ ಜೋತು ಬೀಳುತ್ತಾರೆ. ಅಲ್ಲಿ ನಾಲ್ಕು ಜನ ನಿಲ್ಲೋಕೂ ಆಗಲ್ಲ, ಶೀಟ್ ಹಾಸೋಕೂ ಆಗಲ್ಲ. ಗೋಡೆಗೆ ಒಂದು ಹಿಡಿಕಂಬಿ ಹಾಕಿಸಿ ಅಂತ ಮೂರು ಸಲ ಬರೆದು ಕೊಟ್ಟಿದ್ದೇನೆ.