ಮೊಬೈಲ್ ನೀರಿಗೆ ಬಿತ್ತೇ? ಅಕ್ಕಿ ಡಬ್ಬ ಮುಟ್ಟಬೇಡಿ

ಮಲ್ಪೆ ಕಡಲಿನ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದಾಗ ದೋಣಿ ಇಳಿಯುವ ಗಡಿಬಿಡಿಯಲ್ಲಿ ನನ್ನ ಮೊಬೈಲ್ ಮೊಣಕಾಲುದ್ದ ನೀರಿಗೆ ಬಿತ್ತು. ಎತ್ತಿದರೆ ಪರದೆ ಬೆಳಗುತ್ತಲೇ ಇದೆ! ಖುಷಿಯಲ್ಲಿ ಮನೆಗೆ ಕರೆ ಮಾಡಿ ‘ಎಂತದೂ ಆಗ್ಲಿಲ್ಲ ಮಾರಾಯ್ತಿ’ ಎಂದೆ. ಅದರಿಂದ ಮಾಡಿದ ಕೊನೆಯ ಕರೆ ಅದು. ದೊಡ್ಡಮ್ಮನ ಮಾತು ಕೇಳಿ ಎರಡು ದಿನ ಕುಚ್ಚಲಕ್ಕಿಯಲ್ಲಿ ಹೂತಿಟ್ಟೆ; ಚಾರ್ಜಿಂಗ್ ತೂತಿಗೆ ತೌಡು ಮೆತ್ತಿಕೊಂಡದ್ದಷ್ಟೇ ಬಂತು.

ಕೆಡಿಸುವುದು ಬರೀ ನೀರಲ್ಲ, ಒದ್ದೆಯಲ್ಲಿ ಹರಿಯುವ ಕರೆಂಟು. ಬೋರ್ಡಿನ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುವುದು ಹಾಗೆ. ಕಡಲ ನೀರಿನಲ್ಲಂತೂ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆದ್ದರಿಂದ ಎತ್ತಿದ ಕೂಡಲೇ ಸ್ವಿಚ್ ಆಫ್. ‘ಸರಿಯಿದೆಯಾ’ ಎಂದು ನೋಡಲು ಮತ್ತೆ ಆನ್ ಮಾಡಬೇಡಿ, ಚಾರ್ಜರ್ ಚುಚ್ಚಬೇಡಿ. ಸಿಮ್ ಟ್ರೇ ಹೊರಗೆ ತೆಗೆದು, ಒರೆಸಿ, ತೂತು ಕೆಳಗಾಗಿ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ.

ಕಾರಿನ ಕೀ, ಟಿವಿ ರಿಮೋಟ್, ಕ್ಯಾಲ್ಕುಲೇಟರ್‌ಗಳಾದರೆ ಮನೆಯಲ್ಲೇ ಉಳಿಸಿಕೊಳ್ಳಬಹುದು. ಬಿಚ್ಚಿ, ಸೆಲ್ ತೆಗೆಯಿರಿ. ಉಪ್ಪುನೀರಾಗಿದ್ದರೆ ಬೋರ್ಡನ್ನು ಶುದ್ಧ ನೀರಿನಲ್ಲಿ ತೊಳೆಯಿರಿ. ಹೌದು, ಮತ್ತೆ ನೀರಿನಲ್ಲೇ! ನೀರು ಆರಿದರೂ ಉಪ್ಪು ಅಲ್ಲೇ ಕೂರುತ್ತದೆ, ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ. ಆಮೇಲೆ ರಿಪೇರಿಯವರು ‘ಐಪಿಎ’ ಎನ್ನುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೆತ್ತನೆಯ ಟೂತ್‌ಬ್ರಶ್ ಅದ್ದಿ ಉಜ್ಜಿ. ಒಲೆಯ ಹತ್ತಿರ ಬೇಡ, ಭಗ್ಗೆಂದು ಹತ್ತಿಕೊಳ್ಳುತ್ತದೆ.

ಮೊಬೈಲ್ ಬಿಚ್ಚಲು ಮಾತ್ರ ಹೋಗಬೇಡಿ. ಉಪ್ಪುನೀರು ಒಳಹೊಕ್ಕಿದ್ದರೆ ಅದೇ ದಿನ ರಿಪೇರಿಯವರಿಗೆ ಕೊಟ್ಟು ಬೋರ್ಡ್ ತೊಳೆಸಿ. ನೀರು, ಧೂಳು ತಡೆಯುತ್ತದೆ ಎನ್ನುವ ‘ಐಪಿ68’ ಗುರುತು ಇದೆಯಲ್ಲ ಎಂಬ ಧೈರ್ಯವೂ ಬೇಡ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ನೀರು ತಾಗಿದರೆ ಕೆಂಪಾಗುವ ಸಣ್ಣ ಬಿಳಿ ಚೀಟಿಯನ್ನು ಕಂಪನಿಯವರು ಒಳಗೆ ಅಂಟಿಸಿರುತ್ತಾರೆ. ಅದು ಕೆಂಪಾಗಿದ್ದರೆ ವಾರಂಟಿಯ ಆಸೆ ಬಿಡಿ.

ಒಣಗಿಸುವುದೇ ನಮ್ಮೂರಿನ ಕಷ್ಟ. ಜುಲೈಯಲ್ಲಿ ಬೈರಾಸೇ ಎರಡು ದಿನಕ್ಕೆ ಒಣಗುವುದಿಲ್ಲ, ಇನ್ನು ಮೊಬೈಲ್ ಎಲ್ಲಿ? ಒಂದಷ್ಟು ಹೊತ್ತು ಫ್ಯಾನಿನ ಎದುರು ಇಟ್ಟು, ಬಳಿಕ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿ ಎರಡು ದಿನ ಬಿಡಿ. ಹಳೆ ಚಪ್ಪಲಿ ಪೆಟ್ಟಿಗೆಯ ಪುಡಿಚೀಟಿಗಳು ಆಗಲೇ ತೇವ ಕುಡಿದು ಕೂತಿರುತ್ತವೆ, ಹೊಸದನ್ನೇ ತನ್ನಿ. ಹೇರ್ ಡ್ರೈಯರ್ ಬೇಡ. ಬಿಸಿಗೆ ಅಂಟು, ಬ್ಯಾಟರಿ ಎರಡೂ ಹಾಳು. ಮೊಬೈಲಿನ ಬೆನ್ನು ಉಬ್ಬಿದ್ದರೆ ಚಾರ್ಜ್ ಮಾಡದೆ, ಒತ್ತದೆ, ಹೊರಗೆ ಹೊಯಿಗೆಯ (ಮರಳಿನ) ಮೇಲಿಡಿ.

ಮೊಬೈಲ್ ಬದುಕಿ ಬಂದರೆ ಮೊದಲು ಫೋಟೊಗಳನ್ನು ಬೇರೆಡೆಗೆ ದಾಟಿಸಿ. ಕಿಲುಬು ವಾರ ಬಿಟ್ಟೂ ಕೆಲಸ ತೋರಿಸುತ್ತದೆ. ನನ್ನದು ಬದುಕಲಿಲ್ಲ. ಆದರೆ ಕಳೆದ ಆಟಿ ತಿಂಗಳಲ್ಲಿ ಪ್ಯಾಂಟಿನೊಟ್ಟಿಗೆ ವಾಷಿಂಗ್ ಮೆಷಿನ್‌ನಲ್ಲಿ ತಿರುಗಿ ಬಂದ ಕಾರಿನ ಕೀ, ಹೊಸ ಸಿಆರ್2032 ಸೆಲ್ ಹಾಕಿದ ಮೇಲೆ ಈಗಲೂ ‘ಟುಕ್’ ಎನ್ನುತ್ತದೆ.